ಕವಿಗೆ ಕುರ್ಚಿ ಲೆಕ್ಕ ಯಾಕೆ?

ಪ್ರಶ್ನೆ: ಮೇಷ್ಟ್ರೇ, ನನಗೆ 24 ವರ್ಷ. ಕವಿತೆ ಬರೆಯುತ್ತೇನೆ. ಕೋಯಿಕ್ಕೋಡಿನ ಕೇರಳ ಸಾಹಿತ್ಯ ಉತ್ಸವಕ್ಕೆ ಮಲಯಾಳಂ ಕವಿ ಕೆ. ಸಚ್ಚಿದಾನಂದನ್ ನಿರ್ದೇಶಕರಂತೆ. ನಾನೂ ಹಾಗೆ ಕವಿಯಾಗಿ, ಉತ್ಸವ ನಡೆಸಿಕೊಂಡು ಬದುಕಬಹುದಾ? ಅಪ್ಪ ತೋಟ ನೋಡ್ಕೋ ಅಂತಾರೆ.
(ಒಬ್ಬ ಓದುಗ, ತೀರ್ಥಹಳ್ಳಿ)

ಉತ್ತರ: ತಮ್ಮಾ, ಅವರ ಹೆಸರು ಎತ್ತಿದ್ದು ಒಳ್ಳೆಯದೇ ಆಯಿತು. ಅವರು ಹುಟ್ಟಿದ್ದು 1946ರಲ್ಲಿ. ಆ ಉತ್ಸವ ಶುರುವಾಗಿದ್ದು 2016ರಲ್ಲಿ. ವಯಸ್ಸು ನೀನೇ ಲೆಕ್ಕ ಹಾಕು. ಅದಕ್ಕೂ ಮೊದಲು ಇರಿಂಜಾಲಕುಡದ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿದರು. ಆಮೇಲೆ ದೆಹಲಿಯಲ್ಲಿ ಸಾಹಿತ್ಯ ಅಕಾಡೆಮಿಯ ಪತ್ರಿಕೆಗೆ ಸಂಪಾದಕರು, 1996ರಿಂದ 2006ರವರೆಗೆ ಅಕಾಡೆಮಿಯ ಕಾರ್ಯದರ್ಶಿ. ಕವಿತೆ ಇದರ ಜೊತೆಜೊತೆಗೇ ನಡೆಯಿತು. 2015ರಲ್ಲಿ ನಮ್ಮ ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರ ಹತ್ಯೆಯಾದಾಗ, ಅಕಾಡೆಮಿ ಬಾಯಿ ಬಿಡಲಿಲ್ಲವೆಂದು ಅಲ್ಲಿನ ಸಮಿತಿಗಳಿಗೆ ರಾಜೀನಾಮೆ ಕೊಟ್ಟು ಬಂದರು. ನನಗೆ ಉತ್ಸವಕ್ಕಿಂತ ಇದೇ ಹೆಚ್ಚು ನೆನಪಿರುವುದು.

ಇನ್ನು ಉತ್ಸವದ ಮಾತು. ನಾನೂ ಒಮ್ಮೆ ಸಾಗರದ ಹತ್ತಿರದ ಹಳ್ಳಿಯಲ್ಲಿ ಕವಿಗೋಷ್ಠಿ ಮಾಡಿದ್ದೆ. ಅದು ಕೊನೆಕೊಯ್ಲಿನ, ಅಂದರೆ ಅಡಿಕೆ ಗೊನೆ ಇಳಿಸುವ ಹಂಗಾಮು ಅನ್ನುವುದೇ ತಲೆಗೆ ಹೊಳೆದಿರಲಿಲ್ಲ. ಊರಿಗೆ ಊರೇ ಅಡಿಕೆ ಸುಲಿಯುತ್ತಾ ಕೂತಿತ್ತು. ಬಾಡಿಗೆಗೆ ತಂದ ಕುರ್ಚಿ 150, ಬಂದವರು 19. ಅದರಲ್ಲಿ 11 ಜನ ಕವಿಗಳೇ! ಉಪ್ಪಿಟ್ಟು ಎರಡು ದಿನ ತಿಂದೆವು. ಅದಿರಲಿ. ಅಧ್ಯಕ್ಷರು 40 ನಿಮಿಷ ಮಾತಾಡಿದರು. ಚೀಟಿ ಕಳಿಸಲು ನನಗೆ ಸಂಕೋಚ, ಹಿರಿಯರು ಅಲ್ವಾ. ಶಿರಸಿ ಕಡೆಯಿಂದ ಬಂದಿದ್ದ ಹುಡುಗಿಯ ಸರದಿ ಕೊನೆಗಿತ್ತು. ಏಳು ಗಂಟೆಯ ಬಸ್ಸು ತಪ್ಪಿದರೆ ಮತ್ತೆ ಬಸ್ಸಿಲ್ಲ. ಕವಿತೆಯ ಹಾಳೆ ಮಡಚಿ ಬ್ಯಾಗಿಗೆ ಹಾಕಿಕೊಂಡು, "ಪರವಾಗಿಲ್ಲ ಸರ್" ಅಂತ ಹೊರಟೇಬಿಟ್ಟಳು. ಉತ್ಸವ ನಡೆಸುವವನ ಕೆಲಸ ಏನು ಅಂತ ನನಗೆ ಗೊತ್ತಾಗಿದ್ದು ಅವತ್ತು. ನನ್ನ ಕವಿತೆ ಚೆನ್ನಾಗಿದೆಯೋ ಇಲ್ಲವೋ, ಅವಳ ಬಸ್ಸಿನ ಟೈಮು ನನಗೆ ಗೊತ್ತಿರಬೇಕಿತ್ತು.

ತೋಟ ಬಿಡಬೇಡ. ನಮ್ಮ ಜಿಲ್ಲೆಯ ಹೆಗ್ಗೋಡನ್ನೇ ನೋಡು. ಅಲ್ಲಿ 1949ರಲ್ಲಿ ಶುರುವಾದ ನೀನಾಸಂ ಎಂಬ ರಂಗಸಂಸ್ಥೆಯನ್ನು ಕಟ್ಟಿ ಬೆಳೆಸಿ, 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಕೆ.ವಿ. ಸುಬ್ಬಣ್ಣ ಅಡಿಕೆ ತೋಟದ ಮನೆಯವರೇ. ಈ ಮಳೆಗಾಲ ಅಪ್ಪನ ಜೊತೆ ಕೊಳೆರೋಗದ ಔಷಧಿ ಹೊಡೆಸು. ಅಕ್ಟೋಬರಿನ ಹೊತ್ತಿಗೆ ಹೆಗ್ಗೋಡಿನಲ್ಲಿ ನೀನಾಸಂನ ಸಂಸ್ಕೃತಿ ಶಿಬಿರ ನಡೆಯುತ್ತದೆ, ಹೋಗಿ ಬಾ. ಭಾಷಣ ಕೇಳು. ಬಿಡುವಿನಲ್ಲಿ ಸುಮ್ನೆ ಊಟದ ಮನೆ ಹತ್ತಿರ ನಿಂತು, ಅಷ್ಟು ಜನಕ್ಕೆ ಹೊತ್ತಿಗೆ ಸರಿಯಾಗಿ ಹೇಗೆ ಬಡಿಸುತ್ತಾರೆ ನೋಡು. ಬಂದ ಮೇಲೆ ಇನ್ನೊಂದು ಕಾಗದ ಬರೆ. ಕವಿತೆಯನ್ನೂ ಇಟ್ಟಿರು, ಈ ಸಲ ಒಂದನ್ನೂ ಕಳಿಸಿಲ್ಲ ನೀನು.