ಬಂಕ್ ಗುತ್ತಿಗೆ ಹಿಡಿಯುವ ಮುನ್ನ

ಪ್ರಶ್ನೆ: ದೊಡ್ಡ ನಗರದಲ್ಲಿ ಪೆಟ್ರೋಲ್ ಬಂಕೊಂದನ್ನು ಗುತ್ತಿಗೆಗೆ ಪಡೆಯಬೇಕೆಂದಿದ್ದೇನೆ. ಮೊದಲು ಏನು ನೋಡಲಿ?

ಉತ್ತರ: ರಸ್ತೆಯ ವಾಹನಗಳನ್ನು ಆಮೇಲೆ ಎಣಿಸಿ, ಮೊದಲು ನೆಲದಡಿಯ ಟ್ಯಾಂಕ್ ನೋಡಿ. ನಾನು ಗುತ್ತಿಗೆ ಹಿಡಿದಾಗ ಕಟ್ಟಡದ ಹೊಳಪಿಗೆ ಮರುಳಾಗಿದ್ದೆ. ಮೂರನೇ ತಿಂಗಳು ಡಿಪ್ ಕಡ್ಡಿಯ (ಟ್ಯಾಂಕಿಗೆ ಇಳಿಸಿ ಇಂಧನದ ಮಟ್ಟ ಅಳೆಯುವ ಕಡ್ಡಿ) ಲೆಕ್ಕಕ್ಕೂ ಪಂಪಿನ ಮೀಟರಿಗೂ ತಾಳೆಯಾಗಲಿಲ್ಲ. ಹಳೆಯ ಪೈಪು ಸೋರುತ್ತಿತ್ತು. ಮಣ್ಣು ಶುಚಿಗೊಳಿಸುವ ಖರ್ಚು ಯಾರದೆಂದು ಕರಾರಿನಲ್ಲಿ ಬರೆದೇ ಇರಲಿಲ್ಲ, ಅಷ್ಟೂ ನನ್ನ ತಲೆಗೇ ಬಂತು. ಸಹಿಗೆ ಮುನ್ನ ಟ್ಯಾಂಕ್ ಮತ್ತು ಪೈಪುಗಳ ಸೋರಿಕೆ ಪರೀಕ್ಷೆ, ಮಣ್ಣಿನ ಪರೀಕ್ಷೆ ಮಾಡಿಸಿ, ವರದಿಯನ್ನು ಕರಾರಿಗೆ ಲಗತ್ತಿಸಿ. ಹಾಗೆಂದು ಎಲ್ಲ ಕೊರತೆಯೂ ಸೋರಿಕೆಯಲ್ಲ: ಪೆಟ್ರೋಲ್ 10 ಡಿಗ್ರಿ ಸೆಲ್ಸಿಯಸ್ ತಣಿದರೆ 10,000 ಲೀಟರಿಗೆ ಸುಮಾರು 100 ಲೀಟರ್ ಕುಗ್ಗುತ್ತದೆ. ದಿನವೂ ಬೆಳಿಗ್ಗೆ ನೀವೇ ಅಳೆದು ಬರೆದಿಡಿ.