ಹೊರಗಿನ ಆಕಾರ ನೋಡಿ ಹೆಸರಿಡಬೇಡಿ: ಚಿಪ್ಪಿನ ಪ್ರಶ್ನೆಗಳಿಗೆ ಉತ್ತರ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಚಿಪ್ಪಿನ ಬಗ್ಗೆ ಇವೆ. ಕಪ್ಪೆಚಿಪ್ಪು, ಸಿಂಪಿ, ಮುತ್ತಿನ ಚಿಪ್ಪು ಎಲ್ಲವೂ ಸೇರುವ ಜೋಡಿಚಿಪ್ಪಿನ ಜೀವಿಗಳ ಗುಂಪು ಅದು. ಕಲಬುರಗಿಯಲ್ಲಿ ಕೂತು ಸಮುದ್ರದ ಜೀವಿಗಳ ಬಗ್ಗೆ ಯಾಕೆ ಕೇಳುತ್ತಾರೆ ಎಂದು ಸಂಪಾದಕರು ನಕ್ಕರು. ಭೂವಿಜ್ಞಾನ ಪಾಠ ಮಾಡಿ ನಿವೃತ್ತನಾದ ನನಗಂತೂ ಇದಕ್ಕಿಂತ ಖುಷಿ ಬೇರೆ ಇಲ್ಲ.

ಪ್ರಶ್ನೆ: ಶಹಾಬಾದ್ ಕಲ್ಲು ಸಮುದ್ರದ ತಳದಲ್ಲಿ ಆದದ್ದು ಅಂತಾರೆ. ನಾನು ಕಲ್ಲಿನ ಗಣಿಯಲ್ಲೇ ಬೆಳೆದವನು. ಒಂದು ಚಿಪ್ಪೂ ನೋಡಿಲ್ಲ. ಗಿಡದ ಕೊಂಬೆಯಂಥ ಕಪ್ಪು ಗೆರೆ ಮಾತ್ರ ಕಾಣುತ್ತವೆ. ಅವು ಪಳೆಯುಳಿಕೆಯಾ?
— ಓದುಗರೊಬ್ಬರು, ಶಹಾಬಾದ್

ಕೊಂಬೆಯಂಥ ಗೆರೆ ಗಿಡವಲ್ಲ. ಕಲ್ಲಿನ ಬಿರುಕಿನೊಳಗೆ ನೀರು ಇಳಿದಾಗ ಮ್ಯಾಂಗನೀಸ್, ಕಬ್ಬಿಣದ ಅಂಶ ಹೀಗೆ ಕವಲೊಡೆದು ಹರಡುತ್ತದೆ. ಚೆಂದ ಕಾಣುತ್ತದೆ, ಅಷ್ಟೇ.

ಚಿಪ್ಪು ಸಿಗದಿರುವುದಕ್ಕೆ ನಿಮ್ಮ ಕಣ್ಣಿನ ದೋಷ ಕಾರಣವಲ್ಲ ಅಣ್ಣಾ. ಶಹಾಬಾದ್, ಸೇಡಂ, ಚಿತ್ತಾಪುರ ಕಡೆಯ ಸುಣ್ಣಕಲ್ಲು ಭೀಮಾ ಜಲಾನಯನದ ಕಲ್ಲು. ಅದು ಸಮುದ್ರದಲ್ಲಿ ಆದದ್ದು ನಿಜ. ಆದರೆ ಆ ಸಮುದ್ರ ಇದ್ದಾಗ ಭೂಮಿಯ ಮೇಲೆ ಕಪ್ಪೆಚಿಪ್ಪು ಇನ್ನೂ ಹುಟ್ಟಿರಲೇ ಇಲ್ಲ. ಜೋಡಿಚಿಪ್ಪಿನ ಅತಿ ಹಳೆಯ ಪಳೆಯುಳಿಕೆಗಳು ಕೇಂಬ್ರಿಯನ್ ಕಾಲದ ಮೊದಲ ಭಾಗದವು. ಅಂದರೆ 50 ಕೋಟಿ ವರ್ಷಕ್ಕೂ ಹಿಂದಿನವು. ಫೋರ್ಡಿಲ್ಲಾ ಮತ್ತು ಪೊಜೆಟೇಯಾ ಎಂಬ ಎರಡು ಹೆಸರು ನೆನಪಿಡಿ. ಎರಡೂ ಕೆಲವೇ ಮಿಲಿಮೀಟರ್ ಉದ್ದ. ಅಂಗೈ ಮೇಲೆ ಇಟ್ಟರೆ ಜೋಳದ ನುಚ್ಚು ಎಂದು ಊದಿಬಿಡುತ್ತೀರಿ. ನಿಮ್ಮ ಗಣಿಯ ಕಲ್ಲು ಇವುಗಳಿಗಿಂತ ಹಳೆಯದು.

ಕನಗನಹಳ್ಳಿಯ ಸ್ತೂಪಕ್ಕೆ ಅಷ್ಟು ಸೂಕ್ಷ್ಮ ಶಿಲ್ಪ ಕೆತ್ತಿದವರು ಕೂಡ ಸುಣ್ಣಕಲ್ಲಿನಲ್ಲೇ ಕೆತ್ತಿದ್ದು. ಉಳಿಗೆ ನಡುವೆ ಚಿಪ್ಪು ಅಡ್ಡ ಬರದಿದ್ದದ್ದು ಅವರಿಗೆ ಅನುಕೂಲವೇ ಆಗಿರಬೇಕು.

ಪ್ರಶ್ನೆ: ಸರ್, ಪ್ರಾಕ್ಟಿಕಲ್‌ನಲ್ಲಿ ಕೊಂಬಿನ ಆಕಾರದ ಒಂದು ಪಳೆಯುಳಿಕೆ ಕೊಟ್ಟಿದ್ದರು. ನಾನು ಹವಳ ಎಂದು ಬರೆದೆ. ಉತ್ತರ 'ಹಿಪ್ಯುರೈಟಿಸ್, ಜೋಡಿಚಿಪ್ಪು' ಅಂತೆ. ಇದು ಯಾವ ನ್ಯಾಯ? ಎರಡನೇ ಚಿಪ್ಪು ಎಲ್ಲಿದೆ?
— ಬಿ.ಎಸ್ಸಿ. ವಿದ್ಯಾರ್ಥಿನಿ, ಕಲಬುರಗಿ

ನಿನ್ನ ಸಿಟ್ಟು ಸರಿಯಾದದ್ದೇ ತಂಗಿ. ಇನ್ನೂರು ವರ್ಷದ ಹಿಂದೆ ಯುರೋಪಿನ ಪಂಡಿತರೂ ಇದನ್ನು ಎಲ್ಲಿ ಇಡಬೇಕು ಎಂದು ತಿಳಿಯದೆ ಒದ್ದಾಡಿದ್ದರು. ಹವಳ ಎಂದವರೂ ಇದ್ದರು, ಬೇರೆ ಬೇರೆ ಚಿಪ್ಪುಜೀವಿಗಳ ಗುಂಪಿಗೆ ತಳ್ಳಿದವರೂ ಇದ್ದರು. ಈ ಜೀವಿಗಳಿಗೆ ಒಟ್ಟಾಗಿ ರೂಡಿಸ್ಟ್ ಎಂದು ಹೆಸರು.

ನಿನ್ನ ಕೈಗೆ ಬಂದದ್ದು ಒಂದು ಚಿಪ್ಪು ಮಾತ್ರ. ಹಿಪ್ಯುರೈಟಿಸ್‌ನ ಬಲಚಿಪ್ಪು ನೆಲಕ್ಕೋ ಪಕ್ಕದ ಚಿಪ್ಪಿಗೋ ಅಂಟಿಕೊಂಡು ಕೊಂಬಿನಂತೆ ಮೇಲಕ್ಕೆ ಬೆಳೆಯಿತು. ಎಡಚಿಪ್ಪು ಮೇಲೆ ಚಪ್ಪಟೆ ಮುಚ್ಚಳವಾಯಿತು. ಮುಚ್ಚಳ ಬಹಳ ಸಲ ಕಳೆದುಹೋಗಿರುತ್ತದೆ. ಹಾಗಾಗಿ ಸಂಗ್ರಹಗಳಲ್ಲಿ ಬರೀ ಕೊಂಬು ಉಳಿದಿರುವುದೇ ಜಾಸ್ತಿ.

ಸರಿ, ಜೋಡಿಚಿಪ್ಪು ಎಂದು ಹೇಗೆ ಗೊತ್ತಾಯಿತು? ಇಲ್ಲಿಯೇ ಮಜಾ ಇರುವುದು. ಚಿಪ್ಪುಗಳು ಸೇರುವ ಜಾಗದಲ್ಲಿ ಕೀಲು ಇರುತ್ತದೆ. ಒಂದು ಚಿಪ್ಪಿನ ಹಲ್ಲು ಇನ್ನೊಂದರ ಗುಳಿಯಲ್ಲಿ ಕೂರುತ್ತದೆ. ರೂಡಿಸ್ಟ್‌ಗಳಲ್ಲಿ ಒಂದು ಚಿಪ್ಪಿಗೆ ಎರಡು ಹಲ್ಲು, ಇನ್ನೊಂದಕ್ಕೆ ಒಂದೇ ಹಲ್ಲು. ಹಿಪ್ಯುರೈಟಿಸ್‌ನಲ್ಲಿ ಎರಡು ಹಲ್ಲು ಇರುವುದು ಮುಚ್ಚಳಕ್ಕೆ. ಅವು ಉದ್ದವಾಗಿ ಕೊಂಬಿನೊಳಗೆ ಇಳಿಯುತ್ತವೆ. ಹವಳಕ್ಕೆ ಎಲ್ಲಿಯ ಹಲ್ಲು, ಎಲ್ಲಿಯ ಕೀಲು? ಹೊರಗಿನ ಆಕಾರ ಎಷ್ಟು ಕೆಟ್ಟರೂ ಕೀಲು ಮಾತ್ರ ವಂಶ ಬಿಟ್ಟುಕೊಡುವುದಿಲ್ಲ. ಚಿಪ್ಪುಗಳ ವರ್ಗೀಕರಣದಲ್ಲಿ ನಾನು ನಂಬುವ ಮೊದಲ ಸಾಕ್ಷಿ ಇದೇ. ಪ್ರಾಕ್ಟಿಕಲ್‌ನಲ್ಲಿ ಅಡ್ಡ ಕತ್ತರಿಸಿದ ಒಂದು ತುಂಡನ್ನೂ ಪಕ್ಕದಲ್ಲಿ ಇಡಬೇಕಿತ್ತು. ಇಡದೆ ಅಂಕ ಕಡಿದದ್ದು ನನಗೂ ಒಪ್ಪಿಗೆಯಿಲ್ಲ.

ರೂಡಿಸ್ಟ್‌ಗಳು ಡೈನೋಸಾರ್‌ಗಳಿದ್ದ ಜುರಾಸಿಕ್ ಕಾಲದ ಕೊನೆಯ ಭಾಗದಲ್ಲಿ ಶುರುವಾದವು. ಅದರ ನಂತರದ ಕ್ರಿಟೇಷಿಯಸ್ ಕಾಲದ ಬೆಚ್ಚಗಿನ, ಆಳವಿಲ್ಲದ ಸಮುದ್ರಗಳಲ್ಲಿ ಗುಂಪುಗುಂಪಾಗಿ ನಿಂತು ಮೈಲುಗಟ್ಟಲೆ ದಿಬ್ಬ ಕಟ್ಟಿದವು. ಒಂದು ಮೀಟರ್ ದಾಟಿ ಬೆಳೆದ ಜಾತಿಗಳೂ ಇದ್ದವು. 6.6 ಕೋಟಿ ವರ್ಷದ ಹಿಂದೆ ಡೈನೋಸಾರ್‌ಗಳ ಜೊತೆಗೇ ಮುಗಿದವು. ಈಗ ಒಂದೂ ಉಳಿದಿಲ್ಲ.

ಇನ್ನೊಂದು ಸಂಗತಿ ಹೇಳದೆ ಇರಲಾರೆ. ಒಮಾನ್ ದೇಶದಲ್ಲಿ ಸಿಕ್ಕ ಟೊರೈಟಿಸ್ ಎಂಬ ರೂಡಿಸ್ಟ್‌ನ ಚಿಪ್ಪನ್ನು 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಲೇಸರ್ ಹಾಯಿಸಿ ಪದರ ಪದರವಾಗಿ ನೋಡಿದರು. ಚಿಪ್ಪು ದಿನಕ್ಕೊಂದು ಪದರ ಬೆಳೆದಿತ್ತು. ಒಂದು ವರ್ಷಕ್ಕೆ ಸುಮಾರು 372 ಪದರ! ವರ್ಷಕ್ಕೆ 8,766 ಗಂಟೆ. 372ರಿಂದ ಭಾಗಿಸಿ ನೋಡು, ದಿನಕ್ಕೆ 23 ಗಂಟೆ 30 ನಿಮಿಷದ ಆಸುಪಾಸು ಬರುತ್ತದೆ. 7 ಕೋಟಿ ವರ್ಷದ ಹಿಂದೆ ಭೂಮಿ ಈಗಿಗಿಂತ ಬೇಗ ತಿರುಗುತ್ತಿತ್ತು. ಚಂದ್ರನಿಂದ ಏಳುವ ಉಬ್ಬರವಿಳಿತ ಅದರ ವೇಗವನ್ನು ನಿಧಾನಕ್ಕೆ ತಗ್ಗಿಸುತ್ತಾ ಬಂದಿದೆ. ಸತ್ತ ಚಿಪ್ಪೊಂದು ಇದಕ್ಕೆ ಲೆಕ್ಕ ಇಟ್ಟಿದೆ ಅಂದರೆ ನೋಡು.

ನಮ್ಮ ಕಡೆ ರೂಡಿಸ್ಟ್ ಹುಡುಕಬೇಡ. ಕಲಬುರಗಿಯ ಕಪ್ಪು ಕಲ್ಲು ದಖ್ಖನ್ ಲಾವಾ. ಅದು ಹರಿದ ಕಾಲ ರೂಡಿಸ್ಟ್‌ಗಳು ಅಳಿದ ಕಾಲದ ಆಸುಪಾಸೇ. ಆದರೆ ಇಲ್ಲಿ ಆಗ ಸಮುದ್ರ ಇರಲಿಲ್ಲ. ಒಂದು ಲಾವಾ ಆರಿ ಇನ್ನೊಂದು ಬರುವ ನಡುವೆ ಕೆರೆಗಳಾಗುತ್ತಿದ್ದವು. ಗುರುಮಠಕಲ್ ಕಡೆ ಅಂಥ ಪದರಗಳಲ್ಲಿ ಸಿಹಿನೀರಿನ ಬಸವನಹುಳುಗಳ ಚಿಪ್ಪು ಸಿಕ್ಕಿವೆ. ಲಾವಾ ನಡುವೆ ಸಮುದ್ರದ ಚಿಪ್ಪು ನೋಡಬೇಕಾದರೆ ಆಂಧ್ರದ ರಾಜಮಹೇಂದ್ರಿ ಕಡೆ ಹೋಗಬೇಕು.

ಪ್ರಶ್ನೆ: ಬೀದರ್ ಕೋಟೆಯ ಕೆಂಪು ಕಲ್ಲಿನ ತುಂಬ ಹುಳು ಕೊರೆದಂಥ ತೂತುಗಳಿವೆ. ಹಡಗು ಕೊರೆಯುವ ಹುಳು ಎಂದು ಒಬ್ಬರು ಹೇಳಿದರು. ನಿಜವೇ?
— ನಿವೃತ್ತ ಶಿಕ್ಷಕರು, ಬೀದರ್

ಇಲ್ಲ ಗುರುಗಳೇ. ಅದು ಜಂಬಿಟ್ಟಿಗೆ. ಮಳೆ ನೀರು ಲಕ್ಷಾಂತರ ವರ್ಷ ಇಳಿದು ಇಳಿದು ಕಲ್ಲನ್ನು ಕರಗಿಸಿ ತೂತು ಮಾಡಿದೆ. ಯಾವ ಪ್ರಾಣಿಯ ಕೈವಾಡವೂ ಇಲ್ಲ.

ಆದರೆ ಹಡಗು ಕೊರೆಯುವ 'ಹುಳು' ಹುಳುವೇ ಅಲ್ಲ, ಅದೂ ಜೋಡಿಚಿಪ್ಪಿನ ಜೀವಿ. ಮೈ ಉದ್ದಕ್ಕೆ ಹುಳುವಿನಂತೆ ಇರುತ್ತದೆ. ತಲೆ ಕಡೆ ಪುಟ್ಟ ಎರಡು ಚಿಪ್ಪು ಇರುತ್ತವೆ. ಮರ ಕೊರೆಯುವುದು ಅವುಗಳಿಂದಲೇ. 1731ರ ಹೊತ್ತಿಗೆ ಡಚ್ಚರ ದೇಶದಲ್ಲಿ ಸಮುದ್ರ ತಡೆಯುವ ಒಡ್ಡುಗಳ ಮರದ ಕಂಬಗಳನ್ನು ಇದು ತಿಂದುಹಾಕಿತು. ಜನ ದೇವರ ಶಾಪ ಎಂದರು. 1733ರಲ್ಲಿ ಸೆಲ್ಲಿಯಸ್ ಎಂಬ ವಿದ್ವಾಂಸ ಇದು ಕಪ್ಪೆಚಿಪ್ಪಿನ ಬಳಗ ಎಂದು ತೋರಿಸಿದ. 25 ವರ್ಷ ಆದ ಮೇಲೆ, 1758ರಲ್ಲಿ, ಜೀವಿಗಳಿಗೆಲ್ಲ ಹೆಸರಿಟ್ಟ ಲಿನೇಯಸ್ ಮತ್ತೆ ಇದನ್ನು ಕೊಳವೆ ಹುಳುಗಳ ಪಕ್ಕ ಕೂರಿಸಿದ. ದೊಡ್ಡವರ ಮಾತು ಅಂತ ಜನ ಒಪ್ಪಿದ್ದೂ ಉಂಟು.

ಲಿನೇಯಸ್ ಅದೇ ವರ್ಷ ಇನ್ನೊಂದು ಉದ್ದ ಕೊಳವೆಯನ್ನೂ ಹುಳುವಿನ ಪಟ್ಟಿಗೆ ಸೇರಿಸಿದ್ದ. ಅದರ ಈಗಿನ ಹೆಸರು ಕ್ಯೂಫಸ್. ಈ ಬಳಗದಲ್ಲೇ ದೈತ್ಯ, ಒಂದೂವರೆ ಮೀಟರ್ ತನಕ ಉದ್ದ. ಖಾಲಿ ಕೊಳವೆಗಳನ್ನು ಜನ ಶತಮಾನಗಳಿಂದ ಕೂಡಿಡುತ್ತಿದ್ದರೂ ಒಳಗಿನ ಜೀವಿಯನ್ನು ವಿಜ್ಞಾನಿಗಳು ಜೀವಂತವಾಗಿ ಹಿಡಿದು ವಿವರವಾಗಿ ವರದಿ ಮಾಡಿದ್ದು 2017ರಲ್ಲಿ, ಫಿಲಿಪ್ಪೀನ್ಸ್‌ನಲ್ಲಿ. ಕರೀ ಮೈ. ಮರದ ಗೊಡವೆಯೇ ಇಲ್ಲ, ಕೆಸರಿನಲ್ಲಿ ವಾಸ. ಕಿವಿರಿನಲ್ಲಿ ಬ್ಯಾಕ್ಟೀರಿಯಾ ಸಾಕಿಕೊಂಡಿದೆ. ಅವು ಕೊಳೆತ ಕೆಸರಿನ ಗಂಧಕದ ಅನಿಲದಿಂದ ಆಹಾರ ಮಾಡಿಕೊಡುತ್ತವೆ. ಕೂತಲ್ಲೇ ಊಟ ಸಿಗುವುದರಿಂದ ಹೊಟ್ಟೆ, ಕರುಳು ಕುಗ್ಗಿಹೋಗಿವೆ.

ಪ್ರಶ್ನೆ: ಬೀದರ್ ಕೋಟೆಯ ರಂಗೀನ್ ಮಹಲಿನಲ್ಲಿ ಕಪ್ಪು ಕಲ್ಲಿನೊಳಗೆ ಕೂರಿಸಿದ ಹೊಳೆಯುವ ತುಂಡುಗಳು ನಿಜಕ್ಕೂ ಚಿಪ್ಪೇ?
— ಗೃಹಿಣಿ, ಬೀದರ್

ಹೌದು ಅಕ್ಕಾವ್ರೆ, ಮುತ್ತಿನ ಚಿಪ್ಪಿನ ಒಳಪದರ. ಅಲಿ ಬರೀದ್ ಶಾಹನ ಕಾಲದ ಕೆಲಸ, ಅಂದರೆ 16ನೇ ಶತಮಾನದ್ದು. ಅದರಲ್ಲಿ ಬಣ್ಣ ಹಚ್ಚಿದ್ದೇನೂ ಇಲ್ಲ. ಅರಗೊನೈಟ್ ಎಂಬ ಸುಣ್ಣದ ಖನಿಜದ ಅತಿ ತೆಳು ಹಾಳೆಗಳು ಒಂದರ ಮೇಲೊಂದು ಕೂತಿರುತ್ತವೆ. ಒಂದು ಕೂದಲಿನ ದಪ್ಪಕ್ಕೆ ನೂರಕ್ಕೂ ಹೆಚ್ಚು ಹಾಳೆ. ಅವುಗಳ ನಡುವೆ ಬೆಳಕು ಸಿಕ್ಕಿ ಬಣ್ಣವಾಗಿ ಕಾಣುತ್ತದೆ. ಗೋವಾದ ಹಳೆ ಮನೆಗಳ ಕಿಟಕಿಗೆ ಗಾಜಿನ ಬದಲು ಹಾಕುತ್ತಿದ್ದ ಚಿಪ್ಪು ಬೇರೆ. ಅದು ಕ್ಯಾಲ್ಸೈಟ್ ಎಂಬ ಇನ್ನೊಂದು ಸುಣ್ಣದ ಖನಿಜ, ಮುತ್ತಿನ ಪದರವೇ ಅಲ್ಲ. ಚಿಪ್ಪು ಯಾವುದರಿಂದ, ಹೇಗೆ ಕಟ್ಟಿದೆ ಎನ್ನುವುದೂ ವಂಶ ಹೇಳುವ ಸಾಕ್ಷಿಯೇ.

ಪ್ರಶ್ನೆ: ಬೇಸಿಗೆಯಲ್ಲಿ ಭೀಮಾ ಹೊಳೆ ಬತ್ತಿದಾಗ ಉಸುಕಿನಲ್ಲಿ ಸಿಂಪಿ ಸಿಗುತ್ತವೆ. ಇವು ಯಾವಾಗಲೋ ಸಮುದ್ರದಿಂದ ಬಂದವಾ? ಸಮುದ್ರದಲ್ಲಿ ಇವುಗಳ ನೆಂಟರು ಯಾರು?
— ರೈತರು, ಯಾದಗಿರಿ ಜಿಲ್ಲೆ

ಈ ತಿಂಗಳ ಒಳ್ಳೆಯ ಪ್ರಶ್ನೆ ಇದು ಕಾಕಾ. ನಮ್ಮ ಹೊಳೆ, ಕೆರೆಗಳಲ್ಲಿ ಸಾಮಾನ್ಯವಾಗಿ ಸಿಗುವುದು ಲ್ಯಾಮೆಲಿಡೆನ್ಸ್ ಎಂಬ ಜಾತಿ. ಸಿಹಿನೀರಿನಲ್ಲೇ ಹುಟ್ಟಿ ಸಿಹಿನೀರಿನಲ್ಲೇ ಸಾಯುತ್ತದೆ. ಇದರ ಮರಿ ಕೆಲವು ಕಾಲ ಮೀನಿನ ಕಿವಿರು, ರೆಕ್ಕೆಗೆ ಕಚ್ಚಿಕೊಂಡು ಬದುಕುತ್ತದೆ. ಹೊಳೆಯ ಸೆಳವಿಗೆ ಕೊಚ್ಚಿಹೋಗದೆ ಮೇಲಕ್ಕೂ ಪಯಣ ಮಾಡುವುದು ಹೀಗೆ.

ಸಮುದ್ರದ ನೆಂಟರ ವಿಷಯಕ್ಕೆ ಬಂದರೆ, ಕಾರವಾರ, ಮಂಗಳೂರಿನ ಮಾರ್ಕೆಟ್ಟಿನಲ್ಲಿ ರಾಶಿ ಹಾಕುವ ಯಾವ ಚಿಪ್ಪೂ ಇದರ ಹತ್ತಿರದ ಬಳಗವಲ್ಲ. ಹತ್ತಿರದ ನೆಂಟ ಇರುವುದು ಆಸ್ಟ್ರೇಲಿಯದ ಸಮುದ್ರದಲ್ಲಿ ಮಾತ್ರ. ಅದು ನಿಯೋಟ್ರೈಗೋನಿಯಾ.

ಟ್ರೈಗೋನಿಯಾ ಬಳಗದ್ದು ದೊಡ್ಡ ಕಥೆ. ಜುರಾಸಿಕ್, ಕ್ರಿಟೇಷಿಯಸ್ ಕಾಲದಲ್ಲಿ ಜಗತ್ತಿನ ಸಮುದ್ರಗಳ ತುಂಬ ಇವೇ. ಮೂಲೆಯಾದ, ದಪ್ಪನೆಯ ಚಿಪ್ಪು, ಮೇಲೆ ಏಣು ಮತ್ತು ಗಂಟುಗಳು. ಗುಜರಾತಿನ ಕಛ್‌ನಲ್ಲಿ ಯಥೇಚ್ಛ ಸಿಗುತ್ತವೆ. ತಿರುಚ್ಚಿ, ಅರಿಯಲೂರು ಕಡೆಯ ಕ್ರಿಟೇಷಿಯಸ್ ಕಲ್ಲುಗಳಲ್ಲೂ ಇವೆ. ಅಲ್ಲಿಯ ಜೋಡಿಚಿಪ್ಪುಗಳನ್ನು 1871ರಲ್ಲಿ ವಿವರಿಸಿದವನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಸ್ಟೊಲಿಚ್ಕಾ. ಪಾಪ, ಮೂರೇ ವರ್ಷಕ್ಕೆ ಲಡಾಖಿನ ಎತ್ತರದಲ್ಲಿ ತೀರಿಹೋದ.

ಕ್ರಿಟೇಷಿಯಸ್ ಮುಗಿದ ಮೇಲೆ ಈ ಬಳಗವೂ ಮುಗಿಯಿತು ಎಂದೇ ಎಲ್ಲರೂ ನಂಬಿದ್ದರು. 1802ರಲ್ಲಿ ಫ್ರೆಂಚ್ ಹಡಗಿನಲ್ಲಿ ಹೋಗಿದ್ದ ಪೆರೋನ್ ಎಂಬ ಪ್ರಕೃತಿ ವಿಜ್ಞಾನಿಗೆ ಟಾಸ್ಮೇನಿಯಾ ಕಡೆ ತಾಜಾ ಚಿಪ್ಪು ಸಿಕ್ಕಿತು. 1804ರಲ್ಲಿ ಫ್ರೆಂಚ್ ಜೀವವಿಜ್ಞಾನಿ ಲಮಾರ್ಕ್ ಅದಕ್ಕೆ ಹೆಸರಿಟ್ಟ. ಕಲ್ಲಿನಲ್ಲಿ ಮಾತ್ರ ನೋಡಿದ್ದ ವಂಶ ಬದುಕಿತ್ತು! ಇಂದಿಗೂ ಕೆಲವೇ ಜಾತಿಗಳು ಉಳಿದಿವೆ.

ಹೊರಗಿನಿಂದ ನೋಡಿದರೆ ನಿಮ್ಮ ಭೀಮಾ ಸಿಂಪಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ನಿಮ್ಮದು ಉದ್ದಕ್ಕೆ, ನುಣುಪು, ತೆಳು. ಅದು ಗಿಡ್ಡ, ಏಣು ಏಣು. ಆದರೆ ಎರಡರ ಒಳಗೂ ಒಂದೇ ಬಗೆಯ ಮುತ್ತಿನ ಪದರ ಇದೆ. ಕೀಲಿನ ಹಲ್ಲು ಮತ್ತು ಒಳಮೈ ರಚನೆ ನೋಡಿ ಎರಡನ್ನೂ ಒಂದೇ ದೊಡ್ಡ ಗುಂಪಿಗೆ ಸೇರಿಸಿದರು. ಆಮೇಲೆ ಬಂದ ಡಿಎನ್ಎ ಪರೀಕ್ಷೆಗಳೂ ಅದನ್ನೇ ಹೇಳಿದವು. ಎರಡಕ್ಕೂ ಮೂಲ ಒಂದೇ. ಒಂದು ಕವಲು ಬಹಳ ಹಿಂದೆಯೇ ಹೊಳೆ ಸೇರಿ ಜಗತ್ತಿನ ತುಂಬ ಹರಡಿತು. ಸಮುದ್ರದಲ್ಲಿ ಉಳಿದ ಕವಲು ಒಂದು ಮೂಲೆಗೆ ಸರಿಯಿತು. ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಪೂರ್ವಜರು ಸಮುದ್ರದಿಂದ ಬಂದವರು ಹೌದು, ಆದರೆ ಭೀಮಾ ನದಿ ಹುಟ್ಟುವುದಕ್ಕೂ ಎಷ್ಟೋ ಮೊದಲು.

ಪ್ರಶ್ನೆ: ಜಾತ್ರೆಯಲ್ಲಿ 200 ರೂಪಾಯಿ ಕೊಟ್ಟು 'ಕಲ್ಲಾದ ಕಪ್ಪೆಚಿಪ್ಪು' ಕೊಂಡೆ. ಫೋಟೋ ಕಳಿಸಿದ್ದೇನೆ. ಮೋಸ ಹೋದೆನಾ?
— ಚಿಂಚೋಳಿಯಿಂದ ಒಬ್ಬರು

ಕಲ್ಲಾದದ್ದು ಹೌದು, ಕಪ್ಪೆಚಿಪ್ಪು ಅಲ್ಲ. ಒಂದೇ ಚಿಪ್ಪನ್ನು ಎದುರಿಗೆ ಹಿಡಿದು ನಡುವೆ ಗೆರೆ ಎಳೆದಂತೆ ಊಹಿಸಿಕೊಳ್ಳಿ. ಎಡ ಬಲ ಸರಿಸಮ ಬಂದರೆ ಅದು ಹೆಚ್ಚಾಗಿ ಬ್ರೇಕಿಯೊಪಾಡ್. ಎರಡು ಚಿಪ್ಪು ಇದ್ದರೂ ಬೇರೆಯೇ ವಂಶ, ಮೃದ್ವಂಗಿಯೂ ಅಲ್ಲ. ಕಪ್ಪೆಚಿಪ್ಪಿನಲ್ಲಿ ಸಾಮಾನ್ಯವಾಗಿ ಒಂದೇ ಚಿಪ್ಪಿನ ಎರಡು ಬದಿ ಸಮ ಇರುವುದಿಲ್ಲ. ಒಂದು ಚಿಪ್ಪು ಇನ್ನೊಂದರ ಪಡಿಯಚ್ಚಿನಂತೆ ಇರುತ್ತದೆ. ನಿಮ್ಮ ಫೋಟೋದಲ್ಲಿ ಎಡ ಬಲ ಕರಾರುವಾಕ್ಕಾಗಿ ಸಮ ಇದೆ. ಮಾರಿದವನಿಗೆ ಹೆಸರು ಗೊತ್ತಿರಲಿಲ್ಲ ಅಷ್ಟೇ, 200 ರೂಪಾಯಿಗೆ ಮಾಲು ಅಸಲಿ.