ಹೊಡೆಸಿಕೊಳ್ಳುತ್ತಿರುವ ಸ್ಟಾರ್ಟಿಂಗ್ ಪಿಚರ್‌ನನ್ನು ಬುಲ್‌ಪೆನ್‌ಗೆ ಕಳಿಸಿದರೆ ಸರಿಹೋಗುತ್ತಾನೆಯೇ?

ನೀವು ಕೇಳಿರುವುದು ಎರಡು ವಿಷಯ. ನಿಮ್ಮ ಬೇಸ್‌ಬಾಲ್ ತಂಡದ ಸ್ಟಾರ್ಟರ್, ಅಂದರೆ ಪಂದ್ಯದ ಶುರುವಿನಿಂದ ಚೆಂಡೆಸೆಯುವ ಪಿಚರ್, ಮೊದಲ ಮೂರು ಇನ್ನಿಂಗ್ಸ್ ಚೆನ್ನಾಗಿ ಎಸೆದು ಐದನೆಯದು ಬರುವಷ್ಟರಲ್ಲಿ ಕುಸಿಯುತ್ತಾನೆ, ಇ.ಆರ್.ಎ. (ಫೀಲ್ಡರ್‌ಗಳ ತಪ್ಪಿಲ್ಲದೆ ಒಂಬತ್ತು ಇನ್ನಿಂಗ್ಸ್‌ಗೆ ಅವನು ಕೊಡುವ ರನ್ ಸರಾಸರಿ; ಕಡಿಮೆಯಿದ್ದಷ್ಟೂ ಒಳ್ಳೆಯದು) ಐದು ದಾಟಿದೆ, ಅವನನ್ನು ಬುಲ್‌ಪೆನ್‌ಗೆ, ಅಂದರೆ ಪಂದ್ಯದ ನಡುವೆ ಬದಲಿಯಾಗಿ ಬರುವ ರಿಲೀವರ್‌ಗಳ ಗುಂಪಿಗೆ, ಕಳಿಸಿದರೆ ನಿಜಕ್ಕೂ ಪ್ರಯೋಜನವಿದೆಯೇ ಎಂಬುದು ಒಂದು. ಹೈಸ್ಕೂಲ್ ತಂಡದಲ್ಲಿ ಪಿಚ್ ಮಾಡುವ ಹದಿನಾರರ ಮಗನನ್ನೂ ಕೋಚ್ ಹೀಗೇ ಬದಲಿಸಲು ಹೊರಟಿದ್ದಾರೆ, ಏನು ನೋಡಿಕೊಳ್ಳಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉದ್ದ ಉತ್ತರ ಬೇಕು, ಯಾಕೆಂದರೆ ಅವನು ಯಾವ ಕಾರಣಕ್ಕೆ ಹೊಡೆಸಿಕೊಳ್ಳುತ್ತಿದ್ದಾನೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಕೆಲವು ಕಾಯಿಲೆಗೆ ಬುಲ್‌ಪೆನ್ ಮದ್ದು, ಕೆಲವಕ್ಕೆ ಅಲ್ಲವೇ ಅಲ್ಲ.

ಸ್ಟಾರ್ಟರ್ ಐದು ದಿನಕ್ಕೊಮ್ಮೆ ಬಂದು 90ರಿಂದ 100 ಎಸೆತ ಹಾಕುತ್ತಾನೆ. ಆರು ಇನ್ನಿಂಗ್ಸ್ ನಿಲ್ಲಬೇಕೆಂದರೆ ಎದುರಾಳಿಯ ಒಂಬತ್ತು ಬ್ಯಾಟರ್‌ಗಳನ್ನೂ ಎರಡು ಸುತ್ತು ಮುಗಿಸಿ ಮೂರನೇ ಸುತ್ತಿಗೆ ಕಾಲಿಡಬೇಕು. ಅಷ್ಟರಲ್ಲಿ ಬ್ಯಾಟರ್ ಅವನ ಕೈಯಿಂದ ಚೆಂಡು ಬಿಡುವ ಜಾಗ, ಸ್ಲೈಡರ್ ಎಂಬ ಎಸೆತ ಪಕ್ಕಕ್ಕೆ ತಿರುಗುವ ರೀತಿ, ಎರಡು ಸ್ಟ್ರೈಕ್ (ಬ್ಯಾಟರ್ ತಪ್ಪಿಸಿಕೊಂಡ ಅಥವಾ ಬಿಟ್ಟ ಸರಿಯಾದ ಎಸೆತ; ಮೂರಾದರೆ ಔಟ್) ಆದಮೇಲೆ ಏನು ಎಸೆಯುತ್ತಾನೆ ಎಂಬುದನ್ನೆಲ್ಲ ಕಂಡಿರುತ್ತಾನೆ. ಸುತ್ತು ಏರಿದಂತೆ ಬ್ಯಾಟರ್ ಬಲವಾಗುವುದು ಒಳ್ಳೆಯ ಪಿಚರ್‌ಗಳ ವಿಷಯದಲ್ಲೂ ನಿಜ. ರಿಲೀವರ್‌ಗೆ ಈ ತಲೆನೋವಿಲ್ಲ. ಮೂರ್ನಾಲ್ಕು ಬ್ಯಾಟರ್, 15ರಿಂದ 20 ಎಸೆತ, ಕೆಲಸ ಮುಗಿಯಿತು. ಶಕ್ತಿ ಉಳಿಸಿಕೊಳ್ಳುವ ಅಗತ್ಯವಿಲ್ಲದ್ದರಿಂದ ಫಾಸ್ಟ್‌ಬಾಲ್ ವೇಗ ಸಾಮಾನ್ಯವಾಗಿ ಗಂಟೆಗೆ ಒಂದೆರಡು ಮೈಲಿ ಏರುತ್ತದೆ. ನಾಲ್ಕು ಬಗೆಯ ಎಸೆತ ಬೇಕಿಲ್ಲ, ಎರಡು ಚೆನ್ನಾಗಿದ್ದರೆ ಸಾಕು.

ಬೇಸ್‌ಬಾಲ್ ಅಂಕಿಅಂಶ ವಿಶ್ಲೇಷಕ ಟಾಮ್ ಟ್ಯಾಂಗೊ ಇದಕ್ಕೆ ಒಂದು ಸುಲಭದ ಲೆಕ್ಕ ಕೊಟ್ಟಿದ್ದಾರೆ. ಒಬ್ಬನೇ ಪಿಚರ್ ಸ್ಟಾರ್ಟರ್ ಆಗಿದ್ದಾಗ ಮತ್ತು ರಿಲೀವರ್ ಆಗಿದ್ದಾಗ ಹೋಲಿಸಿದರೆ, ರಿಲೀವರ್ ಆದಾಗ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟಾಗುವುದು) ಪ್ರಮಾಣ ಸುಮಾರು ಶೇ. 17 ಏರುತ್ತದೆ, ಹೋಮ್‌ರನ್ (ಚೆಂಡು ಬೇಲಿ ದಾಟುವ ಹೊಡೆತ) ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ, ಆಟಕ್ಕೆ ಬಿದ್ದ ಚೆಂಡುಗಳ (ಹೋಮ್‌ರನ್ ಬಿಟ್ಟು ಮೈದಾನದೊಳಗೆ ಹೊಡೆದವುಗಳ) ಬ್ಯಾಟಿಂಗ್ ಸರಾಸರಿ 17 ಅಂಕದಷ್ಟು, ಅಂದರೆ .300 ಇದ್ದದ್ದು .283ರ ಆಸುಪಾಸಿಗೆ, ಇಳಿಯುತ್ತದೆ. ವಾಕ್ (ನಾಲ್ಕು ಎಸೆತ ಗುರಿ ತಪ್ಪಿ ಬ್ಯಾಟರ್‌ಗೆ ಮೊದಲ ಬೇಸ್ ಬಿಟ್ಟುಕೊಡುವುದು) ಮಾತ್ರ ಇದ್ದಲ್ಲೇ ಇರುತ್ತದೆ. ನನ್ನ ಮಟ್ಟಿಗೆ ಈ ಲೆಕ್ಕದ ತಿರುಳು ಆ ಕೊನೆಯ ಮಾತು. ನಿಮ್ಮ ಪಿಚರ್ ಕೆಡುತ್ತಿರುವುದು ವಾಕ್ ಕೊಟ್ಟು ಕೊಟ್ಟೇ ಆದರೆ, ಬುಲ್‌ಪೆನ್‌ಗೆ ಹೋದಮೇಲೂ ವಾಕ್ ಕೊಡುತ್ತಾನೆ. ಆಗ ಅದು ನಡೆಯುವುದು ಎಂಟನೇ ಇನ್ನಿಂಗ್ಸ್‌ನಲ್ಲಿ, ಒಂದು ರನ್ ಮುನ್ನಡೆಯಲ್ಲಿ.

ಹಾಗಾಗಿ ಮೊದಲು ಅಂಕಿ ನೋಡಿ. ಬೇಸ್‌ಬಾಲ್ ರೆಫರೆನ್ಸ್ ತಾಣದಲ್ಲಿ ಆ ಆಟಗಾರನ ಸ್ಪ್ಲಿಟ್ಸ್ ಪುಟ ತೆರೆದರೆ ಎಷ್ಟನೇ ಸುತ್ತಿನಲ್ಲಿ ಎಷ್ಟು ಹೊಡೆಸಿಕೊಂಡ, ಎಷ್ಟನೇ ಎಸೆತದ ನಂತರ ಕೆಟ್ಟ, ಎಡಗೈ ಬಲಗೈ ಬ್ಯಾಟರ್‌ಗಳ ಎದುರು ಹೇಗೆ ಎಂಬುದೆಲ್ಲ ಉಚಿತವಾಗಿ ಸಿಗುತ್ತದೆ. ಬೇಸ್‌ಬಾಲ್ ಸ್ಯಾವಂಟ್ ತಾಣದಲ್ಲಿ ಪ್ರತಿ ಎಸೆತದ ವೇಗವಿದೆ. ಮೊದಲೆರಡು ಸುತ್ತು ಚೆನ್ನಾಗಿದ್ದು ಮೂರನೆಯದರಲ್ಲಿ ಮಾತ್ರ ಪಾತಾಳಕ್ಕಿಳಿದರೆ, ಅಥವಾ ಮೊದಲ ಇನ್ನಿಂಗ್ಸ್‌ನಲ್ಲಿ ಗಂಟೆಗೆ 95 ಮೈಲಿ ಇದ್ದ ಫಾಸ್ಟ್‌ಬಾಲ್ ಐದನೆಯದರಲ್ಲಿ 92ಕ್ಕೆ ಬಿದ್ದರೆ, ಬುಲ್‌ಪೆನ್‌ಗೆ ಹೇಳಿ ಮಾಡಿಸಿದ ತೋಳು ಅದು. ಫಾಸ್ಟ್‌ಬಾಲ್ ಮತ್ತು ಸ್ಲೈಡರ್ ಬಿಟ್ಟರೆ ಮೂರನೆಯ ಎಸೆತವೇ ಪಳಗಿಲ್ಲ ಎಂದರೂ ಹಾಗೆಯೇ.

ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಮೊದಲ ಇನ್ನಿಂಗ್ಸ್‌ನಲ್ಲಿ ರನ್ ಕೊಡುತ್ತಾನೆ ಎಂದು ಗಾಬರಿಯಾಗುವುದು ಒಂದು. ಎದುರಾಳಿ ತನ್ನ ಅತ್ಯುತ್ತಮ ಬ್ಯಾಟರ್‌ಗಳನ್ನು ಸಾಲಿನ ತಲೆಯಲ್ಲಿ ಇಡುವುದರಿಂದ ಲೀಗ್ ಪೂರ್ತಿ ಮೊದಲ ಇನ್ನಿಂಗ್ಸ್‌ನಲ್ಲೇ ರನ್ ಜಾಸ್ತಿ. ಆದರೆ ಉಳಿದವರಿಗಿಂತ ತೀರಾ ಕೆಟ್ಟದ್ದಾಗಿದ್ದರೆ ಅದು ಬುಲ್‌ಪೆನ್‌ಗೆ ಒಳ್ಳೆಯ ಸೂಚನೆಯಲ್ಲ, ರಿಲೀವರ್‌ಗೆ ಇರುವುದೇ ಆ ಒಂದು ಇನ್ನಿಂಗ್ಸ್. ಎರಡನೆಯದು ದುರದೃಷ್ಟವನ್ನು ದೋಷ ಎಂದು ಓದುವುದು. ಆಟಕ್ಕೆ ಬಿದ್ದ ಚೆಂಡುಗಳಲ್ಲಿ ಹಿಟ್ ಆಗುವ ಸರಾಸರಿ ಲೀಗ್‌ನಲ್ಲಿ .290ರಿಂದ .300ರ ನಡುವೆ. ಇವನದು .350 ಇದ್ದು, ಸ್ಟ್ರೈಕ್‌ಔಟ್ ಮತ್ತು ವಾಕ್ ಹಿಂದಿನ ವರ್ಷದಷ್ಟೇ ಇದ್ದರೆ, ಸುಮ್ಮನೆ ಇನ್ನೈದು ಪಂದ್ಯ ಆಡಿಸಬೇಕು. ಐದಾರು ಪಂದ್ಯದ ಇ.ಆರ್.ಎ. ನೋಡಿ ಯಾರ ಪಾತ್ರವನ್ನೂ ಬದಲಿಸಬಾರದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಇನ್ನು ವೇಗ ಮೊದಲ ಎಸೆತದಿಂದಲೇ ಎರಡು ಮೈಲಿ ಬಿದ್ದಿದ್ದರೆ, ಚೆಂಡು ಬಿಡುವ ಎತ್ತರವೂ ಇಳಿದಿದ್ದರೆ, ಮೊದಲು ಹೋಗಬೇಕಾದದ್ದು ವೈದ್ಯರ ಬಳಿಗೆ. ನೋವು ಮುಚ್ಚಿಟ್ಟ ಭುಜವನ್ನು ವಾರಕ್ಕೆ ಮೂರು ಸಲ ದುಡಿಸುವುದು ದೊಡ್ಡ ಅನ್ಯಾಯ.

ಉದಾಹರಣೆ ಎಂದ ಕೂಡಲೇ ಎಲ್ಲರೂ ಮರಿಯಾನೊ ರಿವೇರಾ ಹೆಸರು ಹೇಳುತ್ತಾರೆ. 1995ರಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡಕ್ಕೆ 10 ಪಂದ್ಯ ಸ್ಟಾರ್ಟ್ ಮಾಡಿದ ವರ್ಷ ಅವರ ಇ.ಆರ್.ಎ. 5.51, 1996ರಲ್ಲಿ ಕೊನೆಯ ಇನ್ನಿಂಗ್ಸ್ ಎಸೆಯುತ್ತಿದ್ದ ಜಾನ್ ವೆಟ್‌ಲ್ಯಾಂಡ್‌ಗೆ ಮುಂಚೆ ಬರುವ ರಿಲೀವರ್ ಆಗಿ 2.09. ಕಟರ್ (ಕೊನೆಗಳಿಗೆಯಲ್ಲಿ ತುಸು ಪಕ್ಕಕ್ಕೆ ಸರಿಯುವ ಫಾಸ್ಟ್‌ಬಾಲ್) ಎಸೆತದಿಂದ ಈ ಬದಲಾವಣೆ ಆಯಿತು ಎಂದು ಹಲವರು ಬರೆಯುತ್ತಾರೆ, ಅದು ತಪ್ಪು. ಕಟರ್ ಅವರ ಕೈಗೆ ಬಂದದ್ದು 1997ರಲ್ಲಿ. 1996ರಲ್ಲಿ 130 ಸ್ಟ್ರೈಕ್‌ಔಟ್ ಪಡೆದದ್ದು ಬಹುಮಟ್ಟಿಗೆ ನೇರ ಫಾಸ್ಟ್‌ಬಾಲ್‌ನಿಂದಲೇ. ಹೊಸ ವಿದ್ಯೆ ಕಲಿಯುವ ಮೊದಲೇ, ಇದ್ದ ವಿದ್ಯೆ ಚಿಕ್ಕ ಕೆಲಸದಲ್ಲಿ ಹರಿತವಾಗಿತ್ತು.

ಆದರೆ ರಿವೇರಾ ಎಂಬುವರು ಒಬ್ಬರೇ. ನನಗೆ ಹೆಚ್ಚು ಪಾಠ ಕಾಣುವುದು ವೇಡ್ ಡೇವಿಸ್ ಅವರಲ್ಲಿ, ಯಾಕೆಂದರೆ ಅದೇ ತೋಳು ಎರಡೂ ಕಡೆ ಹೋಗಿ ಬಂದಿದೆ. 2011ರಲ್ಲಿ ಟ್ಯಾಂಪಾ ಬೇಗೆ ಸ್ಟಾರ್ಟರ್, ಇ.ಆರ್.ಎ. 4.45. ತಂಡದಲ್ಲಿ ಸ್ಟಾರ್ಟರ್‌ಗಳು ತುಂಬಿದ್ದರಿಂದ 2012ರಲ್ಲಿ ಬುಲ್‌ಪೆನ್‌ಗೆ ಹೋದರು, 2.43. ಆ ಚಳಿಗಾಲ ಜೇಮ್ಸ್ ಶೀಲ್ಡ್ಸ್ ಜತೆ ಕ್ಯಾನ್ಸಸ್ ಸಿಟಿಗೆ ಬಂದಾಗ ಅಲ್ಲಿನ ರಾಯಲ್ಸ್ ತಂಡದವರು ಮತ್ತೆ ಸ್ಟಾರ್ಟರ್ ಮಾಡಿದರು, 2013ರಲ್ಲಿ 5.32. 2014ರಲ್ಲಿ ಪುನಃ ಬುಲ್‌ಪೆನ್: 72 ಇನ್ನಿಂಗ್ಸ್, 109 ಸ್ಟ್ರೈಕ್‌ಔಟ್, ಇ.ಆರ್.ಎ. ಸರಿಯಾಗಿ 1.00, ಆ ಇಡೀ ಸೀಸನ್‌ನಲ್ಲಿ ಒಂದೇ ಒಂದು ಹೋಮ್‌ರನ್ ಇಲ್ಲ. ಮರುವರ್ಷ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ನ ಕೊನೆಯ ಔಟ್ ಅವರದೇ. ಸ್ಟಾರ್ಟರ್ ಆಗಿದ್ದಾಗ ಎಸೆಯುತ್ತಿದ್ದ ಬಗೆಗಳಲ್ಲಿ ದುರ್ಬಲವಾದವನ್ನು ಬಿಟ್ಟು ಫಾಸ್ಟ್‌ಬಾಲ್, ಕಟರ್, ಕರ್ವ್ ಮೂರನ್ನೇ ನಂಬಿದರು.

ಬಾಲ್ಟಿಮೋರ್‌ನ ಝಾಕ್ ಬ್ರಿಟನ್ ವಿಷಯ ಬೇರೆ. 2014ರ ಹೊತ್ತಿಗೆ ಅವರನ್ನು ಕೆಳಹಂತದ ಮೈನರ್ ಲೀಗ್‌ಗೆ ಕಳಿಸುವ ಅವಕಾಶಗಳು ಮುಗಿದಿದ್ದವು. ಕಳಿಸಿದರೆ ಬೇರೆ ತಂಡ ಎತ್ತಿಕೊಳ್ಳಬಹುದಿತ್ತು. ಹಾಗಾಗಿ ಬುಲ್‌ಪೆನ್‌ನಲ್ಲಿ ಜಾಗ ಕೊಟ್ಟರು. 2016ರಲ್ಲಿ ಕೆಳಕ್ಕೆ ಇಳಿಯುವ ಸಿಂಕರ್ ಎಸೆತ ಒಂದನ್ನೇ ಮತ್ತೆಮತ್ತೆ ಎಸೆದು 47 ಸೇವ್ (ತೆಳು ಮುನ್ನಡೆಯನ್ನು ಕೊನೆಯವರೆಗೆ ಕಾಯುವುದು) ಅವಕಾಶಗಳಲ್ಲಿ 47ನ್ನೂ ಉಳಿಸಿದರು, ಇ.ಆರ್.ಎ. 0.54. ನಿಮ್ಮ ತಂಡದ ನಿರ್ಧಾರಕ್ಕೂ ಇಂಥ ಲೆಕ್ಕ ಕಾರಣವಿರಬಹುದು. 26 ಜನರ ಪಟ್ಟಿಯಲ್ಲಿ ಪಿಚರ್‌ಗಳು 13ಕ್ಕಿಂತ ಹೆಚ್ಚಿರುವಂತಿಲ್ಲ, ಐದು ವರ್ಷ ಮೇಜರ್ ಲೀಗ್ ಸೇವೆ ಮುಗಿಸಿದವನನ್ನು ಅವನ ಒಪ್ಪಿಗೆ ಇಲ್ಲದೆ ಕೆಳಗೆ ಕಳಿಸುವಂತಿಲ್ಲ. ಅವನ ಜಾಗಕ್ಕೆ ಬರುವ ಆರನೇ ಸ್ಟಾರ್ಟರ್ ಯಾರು ಎಂಬುದನ್ನೂ ನೋಡಬೇಕು. ಇ.ಆರ್.ಎ. 4.80 ಇದ್ದರೂ 150 ಇನ್ನಿಂಗ್ಸ್ ಹೊರುವವನನ್ನು ತೆಗೆದು 5.50ರವನನ್ನು ತಂದರೆ, ಬುಲ್‌ಪೆನ್‌ನಲ್ಲಿ ಸಿಗುವ 65 ಒಳ್ಳೆಯ ಇನ್ನಿಂಗ್ಸ್ ಆ ನಷ್ಟ ತುಂಬುವುದು ಕಷ್ಟ.

ಇನ್ನು ಹೇಗೆ ಮಾಡುತ್ತಾರೆ ಎಂಬ ಮಾತು. ಹೆಚ್ಚಿನವರು ಕೆಡಿಸುವುದು ಇಲ್ಲೇ. ಸ್ಟಾರ್ಟರ್‌ನ ದೇಹ ಗಡಿಯಾರಕ್ಕೆ ಒಗ್ಗಿರುತ್ತದೆ. ಪಂದ್ಯಕ್ಕೆ ಮುಕ್ಕಾಲು ಗಂಟೆ ಮುಂಚೆ ಮೈ ಬಿಸಿ ಮಾಡುವುದು, ದೂರದಿಂದ ಎಸೆಯುವುದು, ಆಮೇಲೆ ಬುಲ್‌ಪೆನ್‌ನಲ್ಲಿ 30–40 ಎಸೆತ. ರಿಲೀವರ್‌ಗೆ ಏಳನೇ ಇನ್ನಿಂಗ್ಸ್‌ನಲ್ಲಿ ಫೋನ್ ಬರುತ್ತದೆ. ಇನ್ನಿಬ್ಬರು ಬ್ಯಾಟರ್ ಆಡಿ ಮುಗಿಸುವುದರೊಳಗೆ ತಯಾರಾಗಬೇಕು. ಮೌಂಡ್‌ಗೆ, ಅಂದರೆ ಪಿಚರ್ ನಿಂತು ಎಸೆಯುವ ದಿಬ್ಬಕ್ಕೆ, ಬಂದಮೇಲೆ ಸುಮಾರು ಎಂಟು ಎಸೆತಕ್ಕೆ ಮಾತ್ರ ಸಮಯ. ಮೊದಲ ನಿಜವಾದ ಎಸೆತಕ್ಕೇ ಎರಡನೇ ಬೇಸ್‌ನಲ್ಲಿ ಓಟಗಾರ ನಿಂತಿರಬಹುದು. 2020ರಿಂದ ಇರುವ ನಿಯಮದಂತೆ, ಹೀಗೆ ಬಂದವನು ಕನಿಷ್ಠ ಮೂವರು ಬ್ಯಾಟರ್‌ಗಳನ್ನು ಎದುರಿಸಬೇಕು, ಇಲ್ಲವೇ ಇನ್ನಿಂಗ್ಸ್ ಮುಗಿಸಬೇಕು. ಆದ್ದರಿಂದ ಎಡಗೈ ಬ್ಯಾಟರ್ ಎದುರು ಬಡಿಸಿಕೊಳ್ಳುವ ಬಲಗೈ ಪಿಚರ್‌ನನ್ನು ಒಬ್ಬನೇ ಬಲಗೈ ಬ್ಯಾಟರ್‌ಗೆ ಎಂದು ತಂದು ಬಚ್ಚಿಡುವ ದಾರಿ ಈಗಿಲ್ಲ. ಕ್ರಿಕೆಟ್ಟಿನಲ್ಲಿ ಬೌಲರ್ ಎರಡನೇ ಸ್ಪೆಲ್‌ಗೆ ಬರಬಹುದು, ಇಲ್ಲಿ ತೆಗೆದ ಪಿಚರ್ ಆ ದಿನದ ಮಟ್ಟಿಗೆ ಮುಗಿದಂತೆ. ಮ್ಯಾನೇಜರ್ ಕೈ ಅಷ್ಟು ಬಿಗಿಯಾಗಿರುತ್ತದೆ.

ಹೀಗಾಗಿ ಕೊನೆಯ ಸ್ಟಾರ್ಟ್ ಆದಮೇಲೆ ನಾಲ್ಕು ದಿನದ ಮಾಮೂಲಿ ವಿಶ್ರಾಂತಿ ಕೊಡಬೇಕು. ಆ ನಡುವೆ ಬುಲ್‌ಪೆನ್‌ನಲ್ಲಿ ಒಂದು ದಿನ, 12ರಿಂದ 15 ಎಸೆತದಲ್ಲಿ ತಯಾರಾಗುವ ಅಭ್ಯಾಸ ಮಾಡಿಸಬೇಕು. ತೋಳು ಬಿಸಿಯಾಗಲು ಇವನಿಗೆ ಎಷ್ಟು ಎಸೆತ ಬೇಕು ಎಂಬುದು ಬುಲ್‌ಪೆನ್ ಕೋಚ್‌ಗೆ ಅಲ್ಲೇ ಗೊತ್ತಾಗಬೇಕು. ಕೆಲವರಿಗೆ 10 ಸಾಕು, ಕೆಲವರಿಗೆ 25 ಬೇಕು; 25 ಬೇಕಾದವನನ್ನು ಇನ್ನಿಂಗ್ಸ್ ಮಧ್ಯೆ ಕರೆಯಲೇಬಾರದು. ಮೊದಲ ಎರಡು ಮೂರು ಸಲ ನಾಲ್ಕು ರನ್ ಅಂತರ ಇರುವ ಪಂದ್ಯದಲ್ಲಿ, ಬೇಸ್ ಖಾಲಿ ಇರುವಾಗ, ಇನ್ನಿಂಗ್ಸ್ ಶುರುವಿನಲ್ಲೇ ಇಳಿಸಬೇಕು. ಒಮ್ಮೆ ಎಸೆದರೆ ಎರಡು ದಿನ ಬಿಡುವು. ಸತತ ಎರಡು ದಿನ ಎಸೆಯುವುದು ಎರಡು ವಾರ ಕಳೆದಮೇಲೆ. ಸತತ ಮೂರನೇ ದಿನ ಬೇಡವೇ ಬೇಡ.

ಲೆಕ್ಕಕ್ಕೆ ಸಿಗದೆ ತೋಳು ಸವೆಯುವ ಜಾಗ ಒಂದಿದೆ. ಫೋನ್ ಬಂತು, ಎದ್ದ, 20 ಎಸೆದ, ಕೂರು ಎಂದರು. ಎರಡು ಇನ್ನಿಂಗ್ಸ್ ಬಿಟ್ಟು ಮತ್ತೆ ಎದ್ದ, ಮತ್ತೆ 20, ಪಂದ್ಯ ಮುಗಿಯಿತು. ಸ್ಕೋರ್‌ಕಾರ್ಡ್‌ನಲ್ಲಿ ಅವನು ಆಡಿಯೇ ಇಲ್ಲ, ತೋಳಿಗೆ ಮಾತ್ರ 40 ಎಸೆತದ ದಣಿವು. ಸ್ಟಾರ್ಟರ್ ಆಗಿದ್ದವನಿಗೆ ಈ ಅಭ್ಯಾಸವೇ ಇರುವುದಿಲ್ಲ. ಎರಡು ಸಲ ಎಬ್ಬಿಸಿದ ದಿನವನ್ನು ಆಡಿದ ದಿನ ಎಂದೇ ಬರೆದುಕೊಂಡು ಮರುದಿನ ಬಿಡುವು ಕೊಡಬೇಕು.

ಎಸೆತದ ಕಡೆಯಿಂದ, ನಾಲ್ಕನೇ ಬಗೆಯನ್ನು ಕೈಬಿಡುವುದು, ಅತ್ಯುತ್ತಮ ಎಸೆತವನ್ನು ಮೊದಲ ಬ್ಯಾಟರ್‌ಗೇ ಹಾಕುವುದು, ವೈಂಡಪ್ (ಉದ್ದನೆಯ ಪೂರ್ಣ ಚಲನೆ) ಬಿಟ್ಟು ಯಾವಾಗಲೂ ಸ್ಟ್ರೆಚ್‌ನಿಂದಲೇ (ಚಿಕ್ಕ ಚಲನೆಯಿಂದ) ಎಸೆಯುವುದು. ಕೊನೆಯದು ಸಣ್ಣದೆನಿಸಬಹುದು, ಆದರೆ ಒಂದೇ ಚಲನೆ ಇದ್ದರೆ ಕೆಡಲು ಜಾಗ ಕಡಿಮೆ. ವೇಗ ಹೆಚ್ಚಿತೆಂಬ ಹುರುಪಿನಲ್ಲಿ ಗುರಿ ತಪ್ಪುವುದು ಮೊದಲ ವಾರಗಳ ಸಾಮಾನ್ಯ ತೊಂದರೆ. 97 ಎಸೆದು ವಾಕ್ ಕೊಡುವವನಿಗಿಂತ 95ರಲ್ಲಿ ಸ್ಟ್ರೈಕ್ ಹಾಕುವವನು ಬೇಕು.

ಮತ್ತೆ ಸ್ಟಾರ್ಟರ್ ಮಾಡುವ ಯೋಚನೆ ಇದ್ದರೆ ಮೊದಲೇ ಹೇಳಿ, ಎರಡು ಮೂರು ಇನ್ನಿಂಗ್ಸ್ ಎಸೆಯುವ ಲಾಂಗ್ ರಿಲೀಫ್‌ನಲ್ಲಿ ಇಡಬೇಕು. ಒಂದೇ ಇನ್ನಿಂಗ್ಸ್‌ಗೆ ಒಗ್ಗಿದ ತೋಳನ್ನು 30, 45, 60, 75 ಎಸೆತ ಎಂದು ಏರಿಸಿ ತರಲು ಮೂರ್ನಾಲ್ಕು ವಾರ ಹಿಡಿಯುತ್ತದೆ. ವಾಪಸ್ ಬರುವುದು ಅಸಾಧ್ಯವೇನಲ್ಲ. ಜಾನ್ ಸ್ಮೋಲ್ಟ್ಸ್ ಮೊಣಕೈ ಶಸ್ತ್ರಚಿಕಿತ್ಸೆಯ ನಂತರ ಬುಲ್‌ಪೆನ್‌ಗೆ ಹೋಗಿ 2002ರಲ್ಲಿ 55 ಸೇವ್ ಮಾಡಿ, 2005ರಲ್ಲಿ ಸ್ಟಾರ್ಟರ್ ಆಗಿಯೇ ಮರಳಿದರು. ಟಿಮ್ ಲಿನ್ಸೆಕಮ್ 2012ರಲ್ಲಿ ಇ.ಆರ್.ಎ. 5.18ರ ಸೀಸನ್ ಮುಗಿಸಿ ಪ್ಲೇಆಫ್‌ನಲ್ಲಿ ಬುಲ್‌ಪೆನ್‌ನಿಂದ ಬಂದು ಜೈಂಟ್ಸ್ ತಂಡಕ್ಕೆ ಆಸರೆಯಾದರು, 2013ರ ಜುಲೈನಲ್ಲಿ ಸ್ಟಾರ್ಟರ್ ಆಗಿ ನೋ-ಹಿಟ್ಟರ್ (ಎದುರಾಳಿಗೆ ಒಂದೂ ಹಿಟ್ ಕೊಡದ ಪಂದ್ಯ) ಎಸೆದರು. ತಿಂಗಳಿಗೊಮ್ಮೆ ಅತ್ತಿತ್ತ ಎಳೆದಾಡುವುದು ಮಾತ್ರ ಯಾರಿಗೂ ಒಳ್ಳೆಯದಲ್ಲ.

ಇನ್ನು ನಿಮ್ಮ ಮಗನ ವಿಷಯ. ಮೇಜರ್ ಲೀಗ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸೇರಿ ಕೊಟ್ಟಿರುವ ಪಿಚ್ ಸ್ಮಾರ್ಟ್ ಮಾರ್ಗಸೂಚಿಯಲ್ಲಿ 15–16 ವಯಸ್ಸಿಗೆ ದಿನಕ್ಕೆ ಗರಿಷ್ಠ 95 ಎಸೆತ. 30ರವರೆಗೆ ಎಸೆದರೆ ಮರುದಿನವೂ ಎಸೆಯಬಹುದು, 31–45ಕ್ಕೆ ಒಂದು ದಿನ ವಿಶ್ರಾಂತಿ, 46–60ಕ್ಕೆ ಎರಡು, 61–75ಕ್ಕೆ ಮೂರು, 76 ಅಥವಾ ಅದಕ್ಕೂ ಹೆಚ್ಚಾದರೆ ನಾಲ್ಕು. ನಿಮ್ಮ ರಾಜ್ಯದ ಹೈಸ್ಕೂಲ್ ಸಂಘಕ್ಕೂ ತನ್ನದೇ ಮಿತಿ ಇರುತ್ತದೆ, ಅದನ್ನು ತೆಗೆದು ನೋಡಿ. ಶಾಲಾ ತಂಡದಲ್ಲಿ ರಿಲೀವರ್ ಎಂದರೆ ಬೇಲಿಯಾಚೆ ಕುಳಿತು ಕಾಯುವವನಲ್ಲ. ಶಾರ್ಟ್‌ಸ್ಟಾಪ್‌ನಲ್ಲಿ ಫೀಲ್ಡಿಂಗ್‌ಗೆ ನಿಂತಿರುವ ಹುಡುಗನನ್ನೇ ಆರನೇ ಇನ್ನಿಂಗ್ಸ್‌ನಲ್ಲಿ ಮೌಂಡ್‌ಗೆ ಕರೆಯುತ್ತಾರೆ. ತೋಳು ತಣ್ಣಗಿರುತ್ತದೆ, ಎಂಟು ಎಸೆತದಲ್ಲಿ ಬಿಸಿಯಾಗುವುದಿಲ್ಲ. ಅದಕ್ಕೇ ಕೋಚ್ ಬಳಿ ಇಷ್ಟನ್ನು ಮಾತಾಡಿಕೊಳ್ಳಿ: ಅವನು ಪಿಚ್ ಮಾಡಬಹುದಾದ ದಿನ ಹಿಂದಿನ ಇನ್ನಿಂಗ್ಸ್‌ನಲ್ಲಿ ತಮ್ಮ ತಂಡ ಬ್ಯಾಟ್ ಮಾಡುವಾಗ ಬದಿಯಲ್ಲಿ ಎಸೆದು ತಯಾರಾಗಲು ಬಿಡಬೇಕು, ಅದೇ ದಿನ ಕ್ಯಾಚರ್ ಆಗಿ ಕೂರಿಸಬಾರದು, ಮತ್ತು ಶಾಲೆಯ ಹೊರಗಿನ ಕ್ಲಬ್ ತಂಡದಲ್ಲಿ ಎಸೆದದ್ದೂ ಅದೇ ಲೆಕ್ಕಕ್ಕೆ ಸೇರಬೇಕು. ಆ ಲೆಕ್ಕ ನೀವೇ ಬರೆದಿಡಿ. ಎರಡು ತಂಡದ ಕೋಚ್‌ಗಳು ಒಬ್ಬರನ್ನೊಬ್ಬರು ಕೇಳುವುದು ಅಪರೂಪ.